ಹಂದಿಜ್ವರದ ಮೂಲ ಕೇಳುವ ಬಳ್ಳಿಯಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಗೇಟಿನ ಕಾವಲುಗಾರ ಆಕಳಿಸುತ್ತಲೇ ಬೀಗ ತೆಗೆದು, ‘ಇವರಿಗೆ ನಿದ್ದೆ ಅನ್ನೋದೇ ಇಲ್ವಾ’ ಎಂಬಂತೆ ಒಮ್ಮೆ ನೋಡಿ ಕುರ್ಚಿಗೆ ವಾಪಸಾಗುತ್ತಾನೆ. ಬಟ್ಟೆ ಬದಲಿಸುವ ಕೋಣೆಯಲ್ಲಿ ಬಳ್ಳಿಯಕ್ಕ ಕಿವಿಯೋಲೆ, ಉಂಗುರ, ಕೈಗಡಿಯಾರ ಒಂದೊಂದಾಗಿ ಬಿಚ್ಚಿ ಹಳೆಯ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಾರೆ. ಉಟ್ಟು ಬಂದದ್ದನ್ನು ಕಳಚಿ, ಪ್ರಯೋಗಾಲಯದ ಬಟ್ಟೆ ತೊಡುತ್ತಾರೆ. ತಲೆಗೂದಲಿಗೆ ಸಿಕ್ಕಿಸುವ ಕ್ಲಿಪ್ಪು ಕೂಡ ಒಳಗಿನದೇ. ಮನೆಯದು ಒಳಗೆ ಹೋಗುವಂತಿಲ್ಲ, ಒಳಗಿನದು ಹೊರಗೆ ಬರುವಂತಿಲ್ಲ. ಸಂಜೆ ಹೊರಡುವಾಗ ತಲೆಗೆ ನೀರು ಹಾಕಿಕೊಂಡೇ ಬರಬೇಕು. ಶೀತವಿದೆ, ತಡವಾಯಿತು, ಬಸ್ಸು ಹೋಗಿಬಿಡುತ್ತದೆ, ಯಾವ ನೆಪವೂ ನಡೆಯುವುದಿಲ್ಲ.

ಮೊದಲ ಕೋಣೆಯಲ್ಲಿ ಗಾಳಿ ಅಲುಗುವುದಿಲ್ಲ. ಅದಕ್ಕೇ ಅವರು ಇಷ್ಟು ಬೇಗ ಬರುವುದು. ಜನ ಓಡಾಡಲು ಶುರುಮಾಡಿದರೆ ಧೂಳು ಏಳುತ್ತದೆ, ಧೂಳಿನ ಜೊತೆ ಇನ್ನೇನು ಏಳುತ್ತದೋ ಹೇಳಲಾಗದು. ಮೇಜಿನ ಮೇಲೆ ಮಂಜುಗಡ್ಡೆ ತುಂಬಿದ ತಟ್ಟೆ, ಅದರಲ್ಲಿ ಕಿರುಬೆರಳಿನ ತುದಿಯಷ್ಟು ದೊಡ್ಡ ಟ್ಯೂಬುಗಳ ಸಾಲು. ಒಂದೊಂದಕ್ಕೂ ಕಂಡೂ ಕಾಣದಷ್ಟು ದ್ರಾವಣ ಬಿಡುತ್ತ ಅವರ ತುಟಿ ಎಣಿಸುತ್ತಿರುತ್ತದೆ. ಕತ್ತಿನಲ್ಲಿ ಹಸಿರು ದಾರದ ಕನ್ನಡಕ. ಎರಡನೇ ಕೋಣೆಯ ಮೊಳೆಯಲ್ಲಿ ಕೆಂಪು ದಾರದ ಕನ್ನಡಕ ನೇತಾಡುತ್ತದೆ, ಮೂರನೆಯದರಲ್ಲಿ ಕಪ್ಪು ದಾರದ್ದು. ಇರುವ ಎರಡು ಕಣ್ಣಿಗೆ ಮೂರು ಕನ್ನಡಕ ಎಂದು ಹೊಸಬರು ನಗುತ್ತಾರೆ. ಅವರೂ ನಗುತ್ತಾರೆ. ಕಾರಣ ಮಾತ್ರ ಕೇಳಿದವರಿಗಷ್ಟೇ ಹೇಳುತ್ತಾರೆ.

ಅವರ ಕೆಲಸವನ್ನು ಒಂದು ಮಾತಿನಲ್ಲಿ ಹೇಳಬೇಕೆಂದರೆ, ಹಂದಿಗಳಿಗೆ ಬರುವ ಒಂದು ಅಂಟುರೋಗದ ವೈರಸ್ಸಿನ ಕುಲಗೋತ್ರ ಕೇಳುವುದು. ರೋಗದ ಹೆಸರು ಹಂದಿಜ್ವರ. ಕೇಳಿದೊಡನೆ ಜನ ಕರವಸ್ತ್ರ ಹುಡುಕುತ್ತಾರೆ, ಏಕೆಂದರೆ ಹಿಂದೊಮ್ಮೆ ಮನುಷ್ಯರಿಗೆ ಬಂದ ಫ್ಲೂವಿಗೂ ಪತ್ರಿಕೆಗಳು ಇದೇ ಹೆಸರಿಟ್ಟು ಕೂಗಿದ್ದವು. ಆ ಫ್ಲೂವಿಗೂ ಇದಕ್ಕೂ ನೆಂಟಸ್ತಿಕೆಯಿಲ್ಲ. ಇದು ಹಂದಿಯದೇ ಜ್ವರ, ಮನುಷ್ಯರಿಗೆ ಅಂಟುವುದಿಲ್ಲ. “ಹೆಸರು ಮೊದಲು ಹಂದಿಗಳದ್ದು. ನಾವು ಕಿತ್ಕೊಂಡ್ವಿ” ಎನ್ನುತ್ತಾರೆ ಬಳ್ಳಿಯಕ್ಕ. ಆಫ್ರಿಕಾದ ಹಂದಿಜ್ವರ ಎಂಬ ಬೇರೆಯೇ ರೋಗವೊಂದಿದೆ, ಅದರ ಜೊತೆ ಗೊಂದಲ ಬೇಡವೆಂದು ಇಂಗ್ಲಿಷಿನವರು ಈ ರೋಗದ ಹೆಸರಿನ ಮುಂದೆ ಕ್ಲಾಸಿಕಲ್ ಎಂಬ ಪದ ಸೇರಿಸಿದ್ದಾರೆ. ಯಾರೋ ಪುಣ್ಯಾತ್ಮರು ಅದನ್ನು ಅನುವಾದಿಸಿ ಕರಪತ್ರದಲ್ಲಿ ‘ಶಾಸ್ತ್ರೀಯ ಹಂದಿಜ್ವರ’ ಎಂದು ಅಚ್ಚು ಹಾಕಿಸಿದರು. ಆ ಕರಪತ್ರ ಚಹಾ ಕುಡಿಯುವ ಕೋಣೆಯ ಗೋಡೆಯಲ್ಲಿ ಇವತ್ತಿಗೂ ಇದೆ. ಕೆಳಗೆ ಪೆನ್ನಿನಲ್ಲಿ ‘ಯಾವ ರಾಗ?’ ಎಂದು ಬರೆದವರು ಯಾರೆಂದು ಎಲ್ಲರಿಗೂ ಗೊತ್ತು, ಅವರು ಮಾತ್ರ ಒಪ್ಪಿಕೊಳ್ಳುವುದಿಲ್ಲ.

ಹಂದಿ ಸಾಕುವವರಿಗೆ ಇದು ನಗುವ ವಿಷಯವಲ್ಲ. ನಿನ್ನೆ ತೊಟ್ಟಿಗೆ ಮುಗಿಬೀಳುತ್ತಿದ್ದ ಹಂದಿ ಇವತ್ತು ಮೂಲೆ ಸೇರಿ ಮುದುಡಿ ಮಲಗುತ್ತದೆ. ಮೈ ಕೆಂಡವಾಗುತ್ತದೆ, ಕಿವಿ ನೇರಳೆ ಬಣ್ಣಕ್ಕೆ ತಿರುಗುತ್ತದೆ, ಹಿಂಗಾಲು ಸೋಲುತ್ತದೆ. ಒಂದು ದೊಡ್ಡಿಗೆ ಹೊಕ್ಕರೆ ಬೀದಿಯೇ ಖಾಲಿ. ಅದಕ್ಕೇ ರೋಗ ಬಂತೆಂದು ಖಚಿತವಾದ ಹಂದಿಗಳನ್ನು ಕೊಂದು ಹೂಳುವುದು ನಿಯಮ. ರೋಗ ಇದೆಯೋ ಇಲ್ಲವೋ ಎಂಬುದು ಮೊದಲ ಪ್ರಶ್ನೆ. ಇರುವುದು ಯಾವ ಮನೆತನದ್ದು, ಎಲ್ಲಿಂದ ಬಂತು ಎಂಬುದು ಎರಡನೆಯದು. ಮೊದಲ ಪ್ರಶ್ನೆಗೆ ಉತ್ತರ ಒಂದೇ ದಿನದಲ್ಲಿ ಸಿಗುತ್ತದೆ. ಎರಡನೆಯದಕ್ಕೆ ತಾಳ್ಮೆ ಬೇಕು.

ವೈರಸ್ಸಿನೊಳಗೆ ಹನ್ನೆರಡು ಸಾವಿರಕ್ಕೂ ಮಿಕ್ಕ ಅಕ್ಷರಗಳ ಉದ್ದನೆಯ ಬರಹವೊಂದಿದೆ. ಅಕ್ಷರಮಾಲೆಯಲ್ಲಿ ಇರುವುದು ನಾಲ್ಕೇ ಅಕ್ಷರ. ಒಂದು ಹಂದಿಯಿಂದ ಇನ್ನೊಂದಕ್ಕೆ ದಾಟುತ್ತ ಈ ಬರಹ ನಕಲಾಗುವಾಗ ಅಲ್ಲೊಂದು ಇಲ್ಲೊಂದು ಕಾಗುಣಿತ ತಪ್ಪುತ್ತದೆ. ತಪ್ಪು ಹಾಗೆಯೇ ಮಕ್ಕಳಿಗೆ, ಮೊಮ್ಮಕ್ಕಳಿಗೆ ಇಳಿಯುತ್ತದೆ. ಯಾರ ಯಾರ ತಪ್ಪುಗಳು ಒಂದೇ ತೆರನಾಗಿವೆಯೋ ಅವರೆಲ್ಲ ಒಂದೇ ಮನೆಯವರು, ಅಜ್ಜಿಯ ಮೂಗು ಮೊಮ್ಮಗಳಿಗೆ ಬಂದ ಹಾಗೆ. ಹೀಗೆ ನೋಡುತ್ತ ಹೋದರೆ ಮುಖ್ಯವಾಗಿ ಮೂರು ದೊಡ್ಡ ಬಳಗಗಳು ಸಿಗುತ್ತವೆ, ಒಂದೊಂದರಲ್ಲೂ ಹಲವು ಕವಲುಗಳು. ಬರಹದ ಒಂದು ತುಂಡನ್ನು ಓದಿ, ಕಂಪ್ಯೂಟರಿನಲ್ಲಿ ಹಳೆಯ ತುಂಡುಗಳ ಪಕ್ಕ ಇಟ್ಟು, ಯಾವ ಕವಲಿಗೆ ಸೇರುತ್ತದೆಂದು ನೋಡುವುದು ಇವರ ಕೆಲಸ.

ಆ ಕವಲುಚಿತ್ರವನ್ನು ವಿಜ್ಞಾನಿಗಳು ಮರ ಎನ್ನುತ್ತಾರೆ. ಇವರು ಮೊದಲಿನಿಂದಲೂ ಬಳ್ಳಿ ಎಂದೇ ಕರೆಯುತ್ತ ಬಂದರು, ಅದೇ ಇವರ ಹೆಸರಾಯಿತು. “ಮರ ಆದ್ರೆ ನಿಂತಲ್ಲೇ ನಿಲ್ಲುತ್ತೆ. ಇದು ಬೇಲಿ ಹಾರಿ ಪಕ್ಕದ ಮನೆಗೆ ಹೋಗೋ ಜಾತಿ” ಎಂಬುದು ಅವರ ವಾದ. ನದಿಮೂಲ, ಋಷಿಮೂಲ ಕೇಳಬಾರದು ಎನ್ನುತ್ತಾರಲ್ಲ ಎಂದರೆ ಉತ್ತರ ಸಿದ್ಧವಾಗಿದೆ. “ನನಗೆ ಸಂಬಳ ಕೊಡೋದೇ ಮೂಲ ಕೇಳೋದಕ್ಕೆ.”

ಈ ಕಟ್ಟಡಕ್ಕೆ ಅವರು ಬಂದದ್ದು ಗಾಜಿನ ಸಾಮಾನು ತೊಳೆಯಲು. ಮದುವೆಯಾಗಿ ವರ್ಷ ತುಂಬಿರಲಿಲ್ಲ. ಬೆಳಗ್ಗೆಯಿಂದ ಸಂಜೆಯವರೆಗೆ ಬಾಟಲಿ, ಬುಡ್ಡಿ, ನಳಿಕೆ. ಕೈಯ ಚರ್ಮ ಸುಲಿದು ಬರುತ್ತಿತ್ತು. ಒಡೆದ ಬಾಟಲಿಗೆ ಬೈಗುಳವಿತ್ತು, ಒಡೆಯದೆ ಉಳಿದದ್ದಕ್ಕೆ ಯಾರೂ ಏನೂ ಹೇಳುತ್ತಿರಲಿಲ್ಲ. ಆಗಿನ ಮುಖ್ಯಸ್ಥೆ ಇವರ ಅಲುಗದ ಕೈ ನೋಡಿ, ಸಂಜೆ ತರಗತಿಗೆ ಸೇರಿಸಿ ಡಿಪ್ಲೊಮಾ ಓದಿಸಿದರು. ಕಲಿತದ್ದು ನಿಧಾನವಾಗಿ, ಮರೆತು ಮರೆತು, ಬೈಸಿಕೊಂಡು. ಒಮ್ಮೆ ಇಡೀ ವಾರದ ಕೆಲಸವನ್ನು ತಪ್ಪು ತಾಪಮಾನದಲ್ಲಿಟ್ಟು ಹಾಳು ಮಾಡಿದ್ದೂ ಉಂಟು. ಈಗ ಒಂದು ದಿನಕ್ಕೆ ಮೂವತ್ತು ನಲವತ್ತು ಮಾದರಿಗಳು ಅವರ ಕೈ ದಾಟುತ್ತವೆ, ರೋಗ ಎದ್ದ ಕಾಲದಲ್ಲಿ ಇದರ ಎರಡರಷ್ಟು.

ಮನೆಯಲ್ಲಿ ಅತ್ತೆಯದೇ ದೊಡ್ಡ ತಕರಾರು ಇತ್ತು. ಹಂದಿಯ ರಕ್ತ ಮುಟ್ಟುವ ಕೈಯಲ್ಲಿ ಮಾಡಿದ ಅಡುಗೆ ಹೇಗೆ ಉಣ್ಣುವುದೆಂದು ಮೊದಲ ತಿಂಗಳು ಪಕ್ಕದ ಮನೆಯಿಂದ ಊಟ ತರಿಸಿಕೊಂಡರು. ದಿನಾ ಸಂಜೆ ಸೊಸೆ ಒದ್ದೆ ಕೂದಲಲ್ಲಿ ಬರುವುದನ್ನು ನೋಡಿ ನೋಡಿ, ತನಗಿಂತ ಹೆಚ್ಚು ಸ್ನಾನ ಮಾಡುವವಳು ಈ ಬೀದಿಯಲ್ಲೇ ಇವಳೊಬ್ಬಳು ಎಂದು ಒಪ್ಪಿಕೊಂಡರು. ಈಗ ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಪ್ರಶ್ನೆ ಬರುತ್ತದೆ, “ಇವತ್ತು ಯಾರ ಕುಲ ಕೆದಕಿ ಬಂದೆ?”

ವಿಚಿತ್ರವೆಂದರೆ, ಇಷ್ಟು ವರ್ಷ ಹಂದಿಜ್ವರದ ಜೊತೆಗೇ ಬದುಕಿದ ಬಳ್ಳಿಯಕ್ಕ ಜೀವಂತ ಹಂದಿಯನ್ನು ಒಮ್ಮೆಯೂ ಮುಟ್ಟಿಲ್ಲ. ಮುಟ್ಟುವಂತಿಲ್ಲ. ವೈರಸ್ಸಿನ ಜೊತೆ ಕೆಲಸ ಮಾಡುವವರು ಹಂದಿದೊಡ್ಡಿಯ ಹತ್ತಿರ ಸುಳಿಯಬಾರದು, ಒಳಗೆ ಹೋಗಿ ಬಂದ ಮೇಲೆ ಇಷ್ಟು ದಿನ ದೂರ ಇರಬೇಕು ಎಂಬುದು ಇಲ್ಲಿಯ ಕಟ್ಟುನಿಟ್ಟು. ಅವರು ಒಳಗೆ ಹೋಗದ ದಿನಗಳು ಕಡಿಮೆ. ಒಮ್ಮೆ ಸಿಗ್ನಲ್ಲಿನಲ್ಲಿ ಬಸ್ಸಿನ ಪಕ್ಕಕ್ಕೇ ಹಂದಿ ತುಂಬಿದ ಲಾರಿ ಬಂದು ನಿಂತಿತು. ಕಟಕಟೆಯ ಸಂದಿಯಿಂದ ಒಂದು ಮೂತಿ ಇವರ ಕಿಟಕಿಯತ್ತ ಚಾಚಿತು. ಬಳ್ಳಿಯಕ್ಕ ಕೂಡಲೇ ಗಾಜು ಎಳೆದು ಮುಚ್ಚಿದರು. ಪಕ್ಕದಲ್ಲಿ ಕೂತಿದ್ದವರು, ವಾಸನೆ ಆಯ್ತೇನೋ ಎಂದು ಮರುಕಪಟ್ಟರು. “ವಾಸನೆ ಅಲ್ಲ. ಅದಕ್ಕೆ ನನ್ನಿಂದ ಏನೂ ಆಗದೆ ಇರಲಿ ಅಂತ” ಎಂದು ಅವರಿಗೆ ಹೇಗೆ ಹೇಳುವುದು?

ಮೂರು ಕನ್ನಡಕದ ಕತೆ ಈಗ ಹೇಳಬೇಕು. ಅದಕ್ಕೆ ಮೊದಲು ಮನೆಯಳಿಯನ ಪರಿಚಯವಾಗಬೇಕು.

ಪ್ರತಿ ಸಲ ಪರೀಕ್ಷೆ ಮಾಡುವಾಗಲೂ ಬಂದ ಮಾದರಿಗಳ ಜೊತೆಗೆ ಪ್ರಯೋಗಾಲಯದ್ದೇ ಒಂದು ಹಳೆಯ ವೈರಸ್ಸನ್ನು ಸೇರಿಸುತ್ತಾರೆ. ಅದು ಇದೆಯೆಂದು ಮೊದಲೇ ಗೊತ್ತು. ಯಂತ್ರ ಅದನ್ನು ತೋರಿಸಿದರೆ ಯಂತ್ರ ಸರಿಯಾಗಿದೆ ಎಂದರ್ಥ. ಬರೀ ನೀರಿನ ಒಂದು ಟ್ಯೂಬೂ ಇರುತ್ತದೆ, ಅದರಲ್ಲಿ ಏನೂ ಕಾಣಬಾರದು. ಈ ಗೊತ್ತಿರುವ ವೈರಸ್ಸಿಗೆ ಇಲ್ಲಿಯವರು ಇಟ್ಟ ಹೆಸರು ಮನೆಯಳಿಯ. ಕೆಲಸ ಮಾಡುವುದಿಲ್ಲ, ಎಲ್ಲಿಗೂ ಹೋಗುವುದಿಲ್ಲ, ಎಲ್ಲ ಪಂಕ್ತಿಯಲ್ಲೂ ಒಂದು ಎಲೆ ಅವನಿಗೆ. ಅಪಾಯವೇನೆಂದರೆ, ಅವನು ಕಣ್ಣು ತಪ್ಪಿಸಿ ಬೇರೆಯವರ ಎಲೆಯಲ್ಲೂ ಕೂತುಬಿಡಬಲ್ಲ. ಕೈಗವಸಿನ ತುದಿಗೋ ತೋಳಿಗೋ ಅಂಟಿಕೊಂಡು ಬಂದು ಆರೋಗ್ಯವಂತ ಹಂದಿಯ ಟ್ಯೂಬಿಗೆ ಬಿದ್ದರೆ, ಯಂತ್ರ ಆ ಹಂದಿಗೂ ರೋಗವಿದೆ ಎನ್ನುತ್ತದೆ. ಅದಕ್ಕೇ ಮೂರು ಕೋಣೆ. ಮೊದಲನೆಯದು ಚೊಕ್ಕ ಕೋಣೆ, ಎರಡನೆಯದು ಮಾದರಿ ತೆರೆಯುವುದು, ಮೂರನೆಯದು ಯಂತ್ರದ್ದು. ಟ್ಯೂಬಿನಲ್ಲಿರುವ ಬರಹವನ್ನು ನಕಲು ಮಾಡಿ ಮಾಡಿ ಹೆಚ್ಚಿಸುವುದೇ ಯಂತ್ರದ ಕೆಲಸ, ಆ ಕೋಣೆಯಲ್ಲಿ ಮನೆಯಳಿಯ ಕೋಟಿ ಕೋಟಿಯಾಗಿ ಬೆಳೆದಿರುತ್ತಾನೆ. ಒಮ್ಮೆ ಮುಂದಿನ ಕೋಣೆಗೆ ಹೋದವರು ಆ ದಿನ ಹಿಂದಕ್ಕೆ ಬರುವಂತಿಲ್ಲ.

ಊರಾಚೆ ಹಂದಿ ಸಾಕುವವರ ಒಂದು ಬೀದಿಯಿದೆ. ಅದರ ಕೊನೆಯ ಮನೆಯಲ್ಲಿ ಒಬ್ಬಂಟಿ ಹೆಂಗಸೊಬ್ಬರು. ಬೀದಿಯವರೆಲ್ಲ ತುದಿಮನೆಯಕ್ಕ ಎನ್ನುತ್ತಾರೆ, ಪಕ್ಕದ ದೊಡ್ಡಿ ಅವರ ಸ್ವಂತ ತಮ್ಮನದು. ತುದಿಮನೆಯಕ್ಕ ದೂರದ ಸಾಕಣೆಕೇಂದ್ರದಿಂದ ಎರಡು ಹೆಣ್ಣು ಹಂದಿ ತಂದಿದ್ದರು, ಅದರಲ್ಲೊಂದು ಗಬ್ಬ. ತಂದ ಕೆಲವೇ ದಿನಕ್ಕೆ ಬೀದಿಯ ಬೇರೆ ದೊಡ್ಡಿಗಳಲ್ಲಿ ಜ್ವರ ಶುರುವಾಯಿತು. ತಮ್ಮನ ದೊಡ್ಡಿ ಅರ್ಧ ಖಾಲಿಯಾಯಿತು. ಹೊಸದಾಗಿ ಬಂದವು ಇವೆರಡೇ ಆದ್ದರಿಂದ ಬೆರಳು ಎಲ್ಲಿ ತಿರುಗಬೇಕೋ ಅಲ್ಲಿಗೇ ತಿರುಗಿತು. ಅವು ಸಾಯದೆ ಗಟ್ಟಿಯಾಗಿ ಮೇಯುತ್ತಿದ್ದದ್ದೂ ತಪ್ಪಾಗಿ ಕಂಡಿತು. ರೋಗ ತಂದವರಿಗೆ ರೋಗ ಬರಲ್ಲ ಎಂದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ಹೊಸ ಪದ್ಧತಿಯೇನಲ್ಲ. ನಲ್ಲಿಯ ಹತ್ತಿರ ತುದಿಮನೆಯಕ್ಕನ ಕೊಡ ಕೊನೆಗೆ ಸರಿಯಿತು. ತಮ್ಮನ ಹೆಂಡತಿ, ಅಂದರೆ ನಾದಿನಿ, ಮಾತು ಬಿಟ್ಟರು. ಮಾರಿದವನು ಲಸಿಕೆ ಹಾಕಿಸಿದ್ದೀನಿ ಎಂದಿದ್ದ ಎಂದು ತುದಿಮನೆಯಕ್ಕ ಎಲ್ಲರಿಗೂ ಹೇಳಿದರು. ಮಾರುವವನು ಏನು ಬೇಕಾದರೂ ಹೇಳುತ್ತಾನೆ ಎಂದು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆ ಕಡೆಯ ಪಶುವೈದ್ಯರು ಎಲ್ಲ ದೊಡ್ಡಿಗಳಿಂದ ರಕ್ತ ತೆಗೆದು, ಐಸ್ ಪೆಟ್ಟಿಗೆಯಲ್ಲಿ ಕಳಿಸಿದರು. ಬೀದಿಯವರು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರಿಂದ ಆ ವೈದ್ಯರು ಮೊದಲ ಪರೀಕ್ಷೆಯ ಸಂಜೆಯೇ ಬಳ್ಳಿಯಕ್ಕನಿಗೆ ಫೋನು ಮಾಡಿದರು. ಉಳಿದವು ಹೇಗಿದ್ದರೂ ಇರಲಿ, ತುದಿಮನೆಯ ಎರಡು ಹಂದಿಗಳಲ್ಲಿ ಇದೆಯೋ ಇಲ್ಲವೋ ಅಷ್ಟು ಹೇಳಿ ಎಂದರು. ಬಳ್ಳಿಯಕ್ಕ ಯಂತ್ರದ ಪರದೆ ನೋಡಿದರು. ವೈರಸ್ಸು ಇದ್ದರೆ ಏಳುವ ಗೆರೆ ಎರಡರಲ್ಲೂ ಮೇಲೆದ್ದಿತ್ತು.

“ಇದೆ” ಎಂದರು.

ಸುಳ್ಳಲ್ಲ. ಇತ್ತು. ಯಾವುದು ಇದೆ ಎಂಬುದು ಆಗಿನ್ನೂ ಗೊತ್ತಿರಲಿಲ್ಲ, ಅದನ್ನು ಅವರು ಹೇಳಲಿಲ್ಲ, ವೈದ್ಯರು ಕೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆ ಒಂದು ಪದ ಕತ್ತಲಾಗುವ ಮೊದಲೇ ಬೀದಿಯ ಎಲ್ಲ ಮನೆಗೂ ಹೋಗಿ ಬಂತು. ತುದಿಮನೆಯ ಎರಡನ್ನೂ ಎಲ್ಲಕ್ಕಿಂತ ಮೊದಲು ಕೊಂದು ಹೂಳಬೇಕೆಂದು ಬೀದಿ ಪಟ್ಟು ಹಿಡಿಯಿತು. ಇಲಾಖೆಯೂ ದಿನ ಗೊತ್ತುಮಾಡಿತು. ಗುಂಡಿಯನ್ನು ತಮ್ಮನೇ ತೋಡಿದ.

ಪ್ರಯೋಗಾಲಯದಲ್ಲಿ ಬಳ್ಳಿಯಕ್ಕ ಎರಡನೇ ಪ್ರಶ್ನೆಗೆ ಕೈ ಹಾಕಿದ್ದರು. ಸತ್ತ ಹಂದಿಗಳ ವೈರಸ್ಸಿನ ಅಕ್ಷರಗಳು ಬಂದವು. ಎಲ್ಲ ಒಂದೇ ಮನೆಯವು, ಎರಡನೇ ಬಳಗ. ತುದಿಮನೆಯವು ಬಂದಾಗ ಅವರು ಕುರ್ಚಿ ಹತ್ತಿರ ಎಳೆದುಕೊಂಡರು. ಅವೆರಡು ಆ ಕವಲಿನ ಹತ್ತಿರಕ್ಕೂ ಬರದೆ ಒಂದನೇ ಬಳಗಕ್ಕೆ ಹೋಗಿ ಕೂತಿದ್ದವು. ಹಾಗಾದರೆ ಬೀದಿಯ ರೋಗ ತುದಿಮನೆಯದಲ್ಲ. ಇನ್ನೊಬ್ಬರಾದರೆ ಎದ್ದು ಕುಣಿಯುತ್ತಿದ್ದರೋ ಏನೋ. ಬಳ್ಳಿಯಕ್ಕ ಕುರ್ಚಿ ಬಿಟ್ಟು ಏಳಲಿಲ್ಲ, ಏಕೆಂದರೆ ಒಂದನೇ ಬಳಗದಲ್ಲಿ ಅವು ಕೂತ ಕವಲಿನಲ್ಲಿ ಇರುವವರು ಇಬ್ಬರೇ. ಒಬ್ಬ, ಲಸಿಕೆಗೆಂದು ಪಳಗಿಸಿದ ವೈರಸ್ಸು. ಲಸಿಕೆ ಹಾಕಿದ ಹಂದಿಯ ರಕ್ತದಲ್ಲಿ ಅವನು ಕೆಲವು ದಿನ ಕಾಣಿಸಿಕೊಳ್ಳುವುದುಂಟು, ಅವನಿಂದ ಕೇಡಿಲ್ಲ. ಇನ್ನೊಬ್ಬ, ಅವನಿಗೆ ತೀರ ಹತ್ತಿರದ ಸಂಬಂಧಿ, ಇವರದೇ ಮನೆಯಳಿಯ.

ಪರೀಕ್ಷೆಯ ದಿನ ಯಂತ್ರದ ಕೋಣೆಯಲ್ಲಿದ್ದಾಗ ಕನ್ನಡಕ ಮರೆತದ್ದು ನೆನಪಾಗಿತ್ತು. ಮೊದಲ ಕೋಣೆಯ ಮೇಜಿನ ಮೇಲೆ ಉಳಿದಿತ್ತು. ಪರದೆಯ ಅಂಕಿ ಮಸುಕಾಗಿ ಕಾಣುತ್ತಿತ್ತು. ಎರಡು ಹೆಜ್ಜೆಯಷ್ಟೇ ಅಲ್ಲವೇ ಎಂದು ಹಿಂದಕ್ಕೆ ಹೋಗಿ ತಂದಿದ್ದರು. ಹೋದಾಗ ಅದೇ ಮೇಜಿನ ಮೇಲೆ ಉಳಿದಿದ್ದ ಕೆಲವು ಟ್ಯೂಬುಗಳಿಗೆ ದ್ರಾವಣವನ್ನೂ ತುಂಬಿದ್ದರು. ತುದಿಮನೆಯ ಎರಡು ಮಾದರಿಗಳೂ ಆಮೇಲೆ ಬಿದ್ದದ್ದು ಆ ಟ್ಯೂಬುಗಳಿಗೇ.

ತನ್ನ ತೋಳಿಗಂಟಿ ಬಂದ ಮನೆಯಳಿಯನೇ ಅಲ್ಲಿ ಕೂತಿದ್ದರೆ ತುದಿಮನೆಯಕ್ಕನ ಬಗ್ಗೆ ಈ ಪರೀಕ್ಷೆ ಹೇಳುವುದು ಏನೂ ಇಲ್ಲ. ಅವರ ಹಂದಿಗಳಿಗೆ ಬೀದಿಯ ರೋಗ ಇರಬಹುದು, ಇಲ್ಲದೆಯೂ ಇರಬಹುದು. ಗುಂಡಿ ಮಾತ್ರ ತೋಡಿಯಾಗಿದೆ. ಬಳ್ಳಿಯಕ್ಕ ನೇರ ಮುಖ್ಯಸ್ಥರ ಬಾಗಿಲಿಗೆ ಹೋಗಿ, ನಿಂತೇ, ಕನ್ನಡಕದ ವಿಷಯ ಹೇಳಿದರು. ಬೈಗುಳಕ್ಕೆ ಮೈ ಗಟ್ಟಿಮಾಡಿಕೊಂಡಿದ್ದರು. ಮುಖ್ಯಸ್ಥರು ನೀರಿನ ಟ್ಯೂಬು ಚೊಕ್ಕವಾಗಿತ್ತಾ ಎಂದು ಕೇಳಿದರು. ಚೊಕ್ಕವಾಗಿತ್ತು. ಆದರೆ ನೀರಿನ ಒಂದು ಟ್ಯೂಬು ಚೊಕ್ಕವಿದ್ದ ಮಾತ್ರಕ್ಕೆ ಪಕ್ಕದ ಎರಡಕ್ಕೆ ಅದು ಜಾಮೀನು ನಿಲ್ಲಲಾರದು ಎಂದು ಇಬ್ಬರಿಗೂ ಗೊತ್ತಿತ್ತು. ಮುಖ್ಯಸ್ಥರು ಫೋನೆತ್ತಿ, ತುದಿಮನೆಯ ಹಂದಿಗಳನ್ನು ತಡೆಹಿಡಿಯಿರಿ, ಬೇರೆ ಇಟ್ಟು ನೋಡಿಕೊಳ್ಳಿ, ಮತ್ತೆ ನೋಡಿ ಹೇಳುತ್ತೇವೆ ಎಂದು ಪಶುವೈದ್ಯರಿಗೆ ತಿಳಿಸಿದರು. ಆ ಕಡೆಯಿಂದ ಬಂದ ಉತ್ತರ ಮೃದುವಾಗಿರಲಿಲ್ಲ. ಬೀದಿಯವರು ತನ್ನ ಕುತ್ತಿಗೆಯ ಮೇಲೆ ಕೂತಿದ್ದಾರೆ, ಮೊನ್ನೆ ಇದೆ ಎಂದವರು ಇವತ್ತು ನೋಡುತ್ತೇವೆ ಎಂದರೆ ಯಾವ ಮುಖ ಹೊತ್ತು ಹೋಗಲಿ ಎಂದು ವೈದ್ಯರು ಕೇಳಿದರು. ಕೇಳಿದ್ದರಲ್ಲಿ ತಪ್ಪೂ ಇರಲಿಲ್ಲ.

ಬಳ್ಳಿಯಕ್ಕ ಇನ್ನೊಂದು ಮಾತು ಹೇಳಿದರು. “ಈ ಸಲ ನನ್ನ ಕೈ ಬೇಡ ಸರ್. ಬೇರೆಯವರು ಮಾಡ್ಲಿ.” ಹಾಗೆಯೇ ಆಯಿತು. ಫ್ರಿಜ್ಜಿನಲ್ಲಿ ಮುಟ್ಟದೆ ಉಳಿದಿದ್ದ ರಕ್ತವನ್ನು ಪಕ್ಕದ ಕಟ್ಟಡಕ್ಕೆ ಕಳಿಸಿದರು. ಅಲ್ಲಿಯ ಸಹೋದ್ಯೋಗಿಯೊಬ್ಬರು ಹೊಸ ದ್ರಾವಣ ಕಲಸಿ ಮೊದಲಿನಿಂದ ಮಾಡಿದರು. ಈ ಬಾರಿ ಬರಹದ ಉದ್ದನೆಯ ತುಂಡನ್ನೇ ಓದಬೇಕೆಂದು ತೀರ್ಮಾನವಾಯಿತು. ಚಿಕ್ಕ ತುಂಡಿನಲ್ಲಿ ಲಸಿಕೆಯವನೂ ಮನೆಯಳಿಯನೂ ಅವಳಿಗಳಂತೆ ಕಾಣುತ್ತಾರೆ, ಉದ್ದಕ್ಕೆ ಓದಿದರೆ ಮಾತ್ರ ಅಲ್ಲಲ್ಲಿ ಅಕ್ಷರ ಬೇರೆಯಾಗುತ್ತದೆ.

ಆ ಎರಡು ದಿನ ಬಳ್ಳಿಯಕ್ಕನಿಗೆ ಊಟ ರುಚಿಸಲಿಲ್ಲ. ಅತ್ತೆ ಕಾರಣ ಕೇಳಿದರು. ಕಂಡರಿಯದ ಒಬ್ಬ ಹೆಂಗಸಿನ ಗಬ್ಬದ ಹಂದಿ ತನ್ನ ಕನ್ನಡಕದಿಂದಾಗಿ ಗುಂಡಿಯ ದಡದಲ್ಲಿ ನಿಂತಿದೆ ಎಂದು ಸೊಸೆ ಹೇಳಿದರು. ಅತ್ತೆಗೆ ವೈರಸ್ಸು ಅರ್ಥವಾಗಲಿಲ್ಲ, ಮನೆಯಳಿಯ ಚೆನ್ನಾಗಿ ಅರ್ಥವಾದ. ಅಂಥವನನ್ನು ಮನೆಯಲ್ಲಿ ಇಟ್ಟುಕೊಂಡದ್ದೇ ತಪ್ಪು ಎಂದು ತೀರ್ಪು ಕೊಟ್ಟರು.

ಅಕ್ಷರಗಳು ಬಂದದ್ದು ಬೆಳಗ್ಗೆ. ಮನೆಯಳಿಯನ ಗುರುತಿನ ಅಕ್ಷರಗಳಿರುವ ಜಾಗಗಳನ್ನು ಬಳ್ಳಿಯಕ್ಕ ಒಂದೊಂದಾಗಿ ಬೆರಳಿಟ್ಟು ನೋಡಿದರು. ಮೊದಲ ಜಾಗದಲ್ಲಿ ಅವನಿಲ್ಲ. ಎರಡನೆಯದರಲ್ಲೂ ಇಲ್ಲ. ಕೊನೆಯ ಜಾಗದವರೆಗೂ ಅವನ ಸುಳಿವಿಲ್ಲ. ಅಕ್ಷರಕ್ಕೆ ಅಕ್ಷರ ಹೊಂದಿದ್ದು ಲಸಿಕೆಗೆ. ಮಾರಿದವನು ನಿಜ ಹೇಳಿದ್ದ, ತುದಿಮನೆಯಕ್ಕ ನಿಜ ಹೇಳಿದ್ದರು. ಹಂದಿಗಳ ಮೈಯಲ್ಲಿ ಇದ್ದದ್ದು ರೋಗವಲ್ಲ, ಅವನ್ನು ಕಾಯಲೆಂದು ಒಳಗೆ ಬಿಟ್ಟ ಕಾವಲು. ಸಂಜೆ ಇದನ್ನು ಕೇಳಿದ ಅತ್ತೆ ಎಲೆಕೋಸು ಹೆಚ್ಚುತ್ತ, ತಲೆ ಎತ್ತದೆ ಹೇಳಿದರು, “ಅಳಿಯ ಅಲ್ಲ ಅಂದ್ಮೇಲೆ ಅದು ಸೊಸೆ ಇರ್ಬೇಕು. ಹೊರಗಿಂದ ಬಂದು ಮನೆ ಕಾಯೋದು ಸೊಸೆನೇ ತಾನೆ.” ಮದುವೆಯಾಗಿ ಇಷ್ಟು ವರ್ಷಕ್ಕೆ ಅತ್ತೆಯ ಬಾಯಿಂದ ಬಂದ ಹೊಗಳಿಕೆ ಅದೊಂದೇ ಎಂದು ಬಳ್ಳಿಯಕ್ಕ ಹೇಳುವಾಗ ಕಣ್ಣು ಒದ್ದೆಯಾಗಿರುತ್ತದೆ, ನಗುತ್ತಲೂ ಇರುತ್ತಾರೆ.

ಅತ್ತೆ ಆ ಮಾತು ಆಡುವ ಮೊದಲೇ, ಬೆಳಗ್ಗೆಯೇ, ವೈದ್ಯರು ತುದಿಮನೆಯ ಅಂಗಳದಿಂದ ಫೋನು ಮಾಡಿದ್ದರು. ಮಾತಿನ ಮಧ್ಯೆ ಆ ಹೆಂಗಸೇ ಫೋನು ತೆಗೆದುಕೊಂಡರು. ಬಳ್ಳಿಯಕ್ಕ ಸುತ್ತಿಬಳಸಲಿಲ್ಲ.

“ಅಕ್ಕಾ, ಅವತ್ತು ಇದೆ ಅಂದಿದ್ದು ನಾನೇ. ಬಂದಿರೋರು ಯಾರು ಅಂತ ನೋಡೋಕೆ ಮೊದಲೇ ಹೇಳ್ಬಿಟ್ಟೆ. ನನ್ನದು ತಪ್ಪಾಯ್ತು.”

ಆ ಕಡೆ ಹಿಂದೆ ಎಲ್ಲೋ ಬಕೆಟ್ಟು ಕುಕ್ಕಿದ ಸದ್ದು.

“ತಪ್ಪು ಒಪ್ಪು ಆಮೇಲೆ ನೋಡೋಣ ತಂಗಿ. ಈಗ ಹೇಳಿದ್ದನ್ನ ನನ್ನ ತಮ್ಮನಿಗೂ ಹೇಳ್ತೀಯಾ? ಇಲ್ಲೇ ಗೋಡೆ ಪಕ್ಕ ನಿಂತಿದ್ದಾನೆ. ನಾನು ಹೇಳಿದ್ರೆ ನಂಬಲ್ಲ.”

ತಮ್ಮ ಫೋನು ತೆಗೆದುಕೊಂಡ. ಬಳ್ಳಿಯಕ್ಕ ಅವನಿಗೆ ಬಳಗ, ಕವಲು, ಅಕ್ಷರ ಎಲ್ಲವನ್ನೂ ನೆಂಟರ ಭಾಷೆಯಲ್ಲೇ ಬಿಡಿಸಿ ಹೇಳಿದರು. ಅವನು ಕೇಳಿದ್ದು ಒಂದೇ, ಹಾಗಾದರೆ ನಮ್ಮ ಹಂದಿಗಳನ್ನು ತಿಂದದ್ದು ಎಲ್ಲಿಂದ ಬಂತು? ಹೆದ್ದಾರಿಯ ಪಕ್ಕದ ಊರುಗಳಲ್ಲಿ ಹಿಂದಿನ ವರ್ಷ ಕಂಡ ವೈರಸ್ಸಿಗೆ ಅದು ಹತ್ತಿರದ ನೆಂಟ ಎಂದರು ಬಳ್ಳಿಯಕ್ಕ. ಯಾರ ಗಾಡಿಯಲ್ಲಿ, ಯಾರ ಬಕೆಟ್ಟಿನಲ್ಲಿ ಬಂತು ಎಂದು ಅಕ್ಷರಗಳು ಹೇಳುವುದಿಲ್ಲ. ಅಷ್ಟು ಗೊತ್ತಿಲ್ಲ ಎಂದೇ ಹೇಳಿದರು. ಹೋಟೆಲ್ಲುಗಳ ಎಂಜಲು ತರುವ ಗಾಡಿಗಳು ಆ ಹೆದ್ದಾರಿಯಿಂದಲೇ ಬೀದಿಗೆ ಬರುತ್ತಿದ್ದವು. ತಂದದ್ದನ್ನು ಕುದಿಸಿ ಹಾಕಿ ಎಂದು ವೈದ್ಯರು ಮೊದಲಿನಿಂದ ಹೇಳುತ್ತಿದ್ದ ಮಾತನ್ನು ಬೀದಿ ಅಂದಿನಿಂದ ಕೇಳತೊಡಗಿತು.

ತಮ್ಮ ಕ್ಷಮೆ ಕೇಳಲಿಲ್ಲ. ಅವರ ಮನೆತನದಲ್ಲಿ ಅದು ಅಭ್ಯಾಸವಿಲ್ಲ ಎಂದು ತುದಿಮನೆಯಕ್ಕನೇ ಆಮೇಲೆ ಹೇಳಿದರು. ಮಾರನೆಯ ದಿನ ತೋಡಿದ ಗುಂಡಿಯನ್ನು ಅವನೇ ಮುಚ್ಚಿದ. ಅದರ ಮರುದಿನ ನಲ್ಲಿಯ ಸಾಲಿನಲ್ಲಿ ನಾದಿನಿ ತನ್ನ ಕೊಡ ಹಿಂದಕ್ಕೆ ಎಳೆದು ಇವರ ಕೊಡಕ್ಕೆ ಜಾಗ ಬಿಟ್ಟರು.

ಆ ವಾರವೇ ಬಳ್ಳಿಯಕ್ಕ ಇನ್ನೆರಡು ಕನ್ನಡಕ ಮಾಡಿಸಿ, ಬೇರೆ ಬೇರೆ ಬಣ್ಣದ ದಾರ ಕಟ್ಟಿ ಕೋಣೆಗೊಂದರಂತೆ ನೇತುಹಾಕಿದರು. ಕೈ ತಪ್ಪಿರಲಿಲ್ಲ ಎಂದು ಅಕ್ಷರಗಳು ಹೇಳಿದ್ದರೂ ಕಾಲು ತಪ್ಪಿತ್ತು ಎಂದು ಅವರಿಗೆ ಗೊತ್ತು. ಇನ್ನೊಂದು ಬದಲಾವಣೆ ಫೋನಿನ ಪಕ್ಕದಲ್ಲಿದೆ. ಈಗ ಯಾವ ವೈದ್ಯರು ಎಷ್ಟೇ ಅವಸರಿಸಿದರೂ ಅವರ ಬಾಯಿಂದ ‘ಇದೆ’ ಬರುವುದಿಲ್ಲ. “ಯಾರೋ ಬಂದಿದ್ದಾರೆ. ಯಾರು ಅಂತ ನೋಡಿ ಹೇಳ್ತೀನಿ” ಎನ್ನುತ್ತಾರೆ. ಈ ವಾಕ್ಯ ಎಷ್ಟು ಹಬ್ಬಿದೆಯೆಂದರೆ, ಪಕ್ಕದ ಕಟ್ಟಡದವರೂ ಹಾಗೇ ಹೇಳತೊಡಗಿದ್ದಾರೆ. ಬಾಗಿಲು ಬಡಿದವರೆಲ್ಲ ಕಳ್ಳರಲ್ಲ ಎಂದು ಮುಖ್ಯಸ್ಥರು ಹೊಸಬರಿಗೆ ಪಾಠ ಮಾಡುವಾಗ ಬಳ್ಳಿಯಕ್ಕ ಕಿಟಕಿಯಾಚೆ ನೋಡುತ್ತಾರೆ.

ತುದಿಮನೆಯಕ್ಕ ಮತ್ತು ಬಳ್ಳಿಯಕ್ಕ ಇವತ್ತಿಗೂ ಮುಖಾಮುಖಿಯಾಗಿಲ್ಲ. ಬಾ ಎಂದು ಅವರು ಕರೆಯುತ್ತಾರೆ, ದೊಡ್ಡಿಯ ಹತ್ತಿರ ಬರುವಂತಿಲ್ಲ ಎಂದು ಇವರು ಹೇಳುತ್ತಾರೆ. ಹಂದಿ ಮುಟ್ಟದೆ ಹಂದಿಯ ಬದುಕು ಹೇಗೆ ಉಳಿಸಿದೆ ಎಂದು ಅವರು ಪ್ರತಿ ಸಲವೂ ಕೇಳುತ್ತಾರೆ. ಒಂದು ಸಂಜೆ ಬಳ್ಳಿಯಕ್ಕ ಸ್ನಾನ ಮುಗಿಸಿ, ಬಟ್ಟೆ ಬದಲಿಸುವ ಕೋಣೆಯಲ್ಲಿ ಡಬ್ಬಿಯಿಂದ ಕಿವಿಯೋಲೆ ತೆಗೆಯುತ್ತಿದ್ದಾಗ ಫೋನು ಬಂತು. ಆ ಕಡೆಯ ದನಿಯಲ್ಲಿ ಏದುಸಿರು.

“ಯಾರೋ ಬಂದಿದ್ದಾರೆ ತಂಗಿ. ಯಾರು ಅಂತ ಕೇಳಿಸ್ಕೊಂಡು ಹೇಳು.”

ಫೋನು ಕೆಳಗಿಟ್ಟ ಸದ್ದು, ಹುಲ್ಲಿನ ಸರಬರ. ಆಮೇಲೆ ಚೀಂಯ್ ಚೀಂಯ್ ಎಂಬ ಸಣ್ಣ ದನಿಗಳು, ಒಂದರ ಮೇಲೊಂದು ಬಿದ್ದು ಹಾಲಿಗೆ ಜಗಳಾಡುವ ಸದ್ದು, ನಡುವೆ ತಾಯಿಹಂದಿಯ ಸಮಾಧಾನದ ಗುರುಗುರು. ಎಷ್ಟು ಮರಿ ಎಂದು ಎಣಿಸಲು ಹೋಗಿ ಬಳ್ಳಿಯಕ್ಕನಿಗೆ ಲೆಕ್ಕ ತಪ್ಪಿತು. ತಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಒಂದು ಕಿವಿಗೆ ಮಾತ್ರ ಓಲೆ. ಬಸ್ಸು ಹೋಗುವವರೆಗೂ ಹಾಗೇ ನಿಂತು ಕೇಳಿದರು.

ಅವರ ನಿವೃತ್ತಿಗೆ ಇನ್ನು ಹೆಚ್ಚು ದಿನವಿಲ್ಲ. ಆಮೇಲೆ ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿದರೆ, ಹಸಿರು ದಾರದ ಕನ್ನಡಕ ತೆಗೆದು ಒರೆಸುತ್ತಾರೆ. ದೂರ ಇರಬೇಕಾದಷ್ಟು ದಿನ ಮನೆಯಲ್ಲೇ ಇದ್ದು, ಆಮೇಲೆ ತುದಿಮನೆಗೆ ಹೋಗುತ್ತಾರಂತೆ.

“ಒಂದು ಮರೀನ ಎತ್ತಿಕೊಳ್ಬೇಕು. ಎದೆಗೆ ಒತ್ತಿಕೊಂಡು ಸ್ವಲ್ಪ ಹೊತ್ತು ಕೂರ್ಬೇಕು” ಎನ್ನುತ್ತಾರೆ. ಮತ್ತೆ, ಗುಟ್ಟು ಹೇಳುವವರ ಹಾಗೆ, “ಅವತ್ತು ಮನೆಗೆ ಬಂದು ಸ್ನಾನ ಮಾಡಲ್ಲ.”